ಕಿಟ್ ಬಿಡಬೇಡಿ
ಇಂಗ್ಲೆಂಡಿನಲ್ಲಿರುವ ನಿಮ್ಮ 56 ವರ್ಷದ ಅಪ್ಪನಿಗೆ ಅಲ್ಲಿನ ಸರ್ಕಾರಿ ಆರೋಗ್ಯ ಸೇವೆಯಾದ ಎನ್‌ಎಚ್‌ಎಸ್‌ನಿಂದ ಕರುಳಿನ ಕ್ಯಾನ್ಸರ್ ಪತ್ತೆಗೆ ಮಲ ಪರೀಕ್ಷೆಯ ಕಿಟ್ ಬಂದಿದೆ, ಅದನ್ನು ಬಿಟ್ಟು ದುಡ್ಡು ಕೊಟ್ಟು ಕೊಲೊನೊಸ್ಕೋಪಿ (ಕ್ಯಾಮೆರಾ ಇರುವ ನಳಿಕೆಯಿಂದ ದೊಡ್ಡ ಕರುಳಿನ ಒಳಗೆ ನೋಡುವ ಪರೀಕ್ಷೆ) ಮಾಡಿಸಲಾ ಅಂತ ಕೇಳಿದ್ದೀರಿ. ದಯವಿಟ್ಟು ಮೊದಲು ಕಿಟ್ ಕಳಿಸಿ.

2025ರಲ್ಲಿ ವೈದ್ಯಕೀಯ ಪತ್ರಿಕೆ ಲ್ಯಾನ್ಸೆಟ್‌ನಲ್ಲಿ ಬಂದ ಸ್ಪೇನಿನ ಅಧ್ಯಯನ ಇದನ್ನೇ ನೋಡಿತು. 57,000ಕ್ಕೂ ಜಾಸ್ತಿ ಜನ. ಕೆಲವರಿಗೆ ಒಂದೇ ಸಲ ಕೊಲೊನೊಸ್ಕೋಪಿಗೆ ಕರೆ, ಉಳಿದವರಿಗೆ ಎರಡು ವರ್ಷಕ್ಕೊಮ್ಮೆ ಮಲ ಪರೀಕ್ಷೆಗೆ. ಹತ್ತು ವರ್ಷದಲ್ಲಿ ಕರುಳಿನ ಕ್ಯಾನ್ಸರ್‌ನಿಂದ ಸತ್ತವರು ಕೊಲೊನೊಸ್ಕೋಪಿ ಗುಂಪಿನಲ್ಲಿ 0.22%, ಮಲ ಪರೀಕ್ಷೆ ಗುಂಪಿನಲ್ಲಿ 0.24%. ಹೆಚ್ಚುಕಡಿಮೆ ಒಂದೇ, ಅಲ್ವಾ?

ಮಲ ನೀರಿಗೆ ತಾಗದ ಹಾಗೆ ಹಳೇ ಡಬ್ಬಿಯಲ್ಲಿ ಹಿಡಿಯಲಿ. ಮುಚ್ಚಳದ ಕಡ್ಡಿಯ ಗೀರುಗಳಿಗೆ ಅಂಟಿದಷ್ಟು ಸಾಕು. ಬಾಟಲಿ ಮೇಲೆ ತಾರೀಖು ಬರೆಯಲು ಹೇಳಿ. ಮಲದಲ್ಲಿ ರಕ್ತ ಕಾಣುತ್ತಿದ್ದರೆ ಮಾತ್ರ ಕಿಟ್ ನಂಬಿ ಕೂರಬೇಡಿ, ಈಗಲೇ ಡಾಕ್ಟರ್ ಹತ್ತಿರ ಕರೆದುಕೊಂಡು ಹೋಗಿ.