ಹೊಸ್ತಿಲಲ್ಲಿ ಕಾಲು ಅಂಟಿಕೊಂಡರೆ
ಪಾರ್ಕಿನ್ಸನ್ ಇರುವ ನಿಮ್ಮ ಅಪ್ಪಾರ ಕಾಲು ಹೊಸ್ತಿಲ ಹತ್ತಿರ ನೆಲಕ್ಕೆ ಅಂಟಿದಂತೆ ನಿಲ್ಲುತ್ತದೆ, ಇದು ಹಟವಾ, ಗೋಳಗುಮ್ಮಟದ ಕಡೆ ವಾಕಿಂಗ್ ಬಿಡಿಸಬೇಕಾ ಅಂತ ಕೇಳಿದ್ದೀರಿ. ಇದು ಹಟ ಅಲ್ಲ. ಈ ಕಾಯಿಲೆಯಲ್ಲಿ ಇಕ್ಕಟ್ಟಾದ ಜಾಗ, ತಿರುಗುವ ಕಡೆ ಹೀಗಾಗುತ್ತದೆ. ಕೈ ಹಿಡಿದು ಎಳೆಯಬೇಡಿ, ಮುಗ್ಗರಿಸಿ ಬೀಳ್ತಾರೆ. ನಮ್ಮವ್ವನಿಗೆ ನಾವು ಮಾಡಿಸೋದು ಹೀಗೆ: ಮೊದಲು ಪೂರ್ತಿ ನಿಲ್ಲಬೇಕು. ನೆಟ್ಟಗೆ ನಿಂತು ಮೈಭಾರ ಎಡಕ್ಕೆ, ಬಲಕ್ಕೆ ಹಾಕಬೇಕು. ಆಮೇಲೆ 'ಒಂದು, ಎರಡು' ಅಂತ ಎಣಿಸುತ್ತಾ ದೊಡ್ಡ ಹೆಜ್ಜೆ. ಬಾಗಿಲ ಮುಂದೆ ಅಡ್ಡಡ್ಡ ಟೇಪ್ ಅಂಟಿಸಿ, ಒಂದೊಂದೇ ಪಟ್ಟಿ ದಾಟಲಿ. ಶಹಾಬಾದಿ ಕಲ್ಲಿನ ನೆಲಕ್ಕೆ ಬಿಳಿ ಟೇಪ್ ಚೆನ್ನಾಗಿ ಕಾಣುತ್ತದೆ. ವಾಕಿಂಗ್ ಬಿಡಿಸಬೇಡಿ. ಮಾತ್ರೆ ಕೆಲಸ ಮಾಡುವ ಹೊತ್ತಿನಲ್ಲಿ ಕರೆದುಕೊಂಡು ಹೋಗಿ. ಮಾತ್ರೆಯ ಪ್ರಭಾವ ಇಳಿದಾಗ ಮಾತ್ರ ಹೀಗಾಗುತ್ತಾ? ಇಲ್ಲಿಂದ ಹೇಳಲಾಗದು. ಕಾಲು ನಿಂತ ಹೊತ್ತು, ಮಾತ್ರೆ ಹೊತ್ತು ಒಂದು ವಾರ ಬರೆದಿಟ್ಟು ನರರೋಗದ ಡಾಕ್ಟರಿಗೆ ತೋರಿಸಿ. ಡೋಸ್ ನೀವೇ ಬದಲಿಸಬೇಡಿ.