‘ಕೋಲ್ಡ್’ ಬರುವ ಮೊದಲು ಇಂಗ್ಲಿಷರಿಗೆ ಏನು ಬರುತ್ತಿತ್ತು?

ನೆಗಡಿಗೆ ಇಂಗ್ಲಿಷಿನಲ್ಲಿ ‘ಕೋಲ್ಡ್’ ಎನ್ನುವ ಹೆಸರು ಮೊದಲಿನಿಂದಲೂ ಇತ್ತೇ ಎಂದು ಕೇಳಿದ್ದೀರಿ. ಇರಲಿಲ್ಲ. ರೋಗದ ಹೆಸರಾಗಿ ಆ ಪದ ನೆಲೆಯೂರಿದ್ದು 16ನೇ ಶತಮಾನದಲ್ಲಿ.

ಅದಕ್ಕೂ ಹಿಂದೆ ಇದ್ದ ಹಳೆಯ ಇಂಗ್ಲಿಷ್ ಪದ ‘ಪೋಸ್’. ಫೋಟೊಗೆ ಕೊಡುವ ಪೋಸಿಗೂ ಇದಕ್ಕೂ ಸಂಬಂಧವಿಲ್ಲ. 14ನೇ ಶತಮಾನದ ಕವಿ ಚಾಸರ್, ಕುಡಿದು ಮೂಗಿನಲ್ಲಿ ಮಾತಾಡುವ ಗಿರಣಿಯವನೊಬ್ಬನನ್ನು ‘ಪೋಸ್’ ಹಿಡಿದವನಿಗೆ ಹೋಲಿಸುತ್ತಾನೆ. ಇಷ್ಟು ಚೊಕ್ಕ ಪದವನ್ನು ಇಂಗ್ಲಿಷರು ಕೈಬಿಟ್ಟದ್ದು ನನ್ನ ಮಟ್ಟಿಗೆ ನಷ್ಟವೇ.

ಅದರ ಜಾಗಕ್ಕೆ ವೈದ್ಯರ ಗ್ರೀಕ್ ಪದಗಳು ನುಗ್ಗಿದವು. ‘ರೂಮ್’ (rheum, ಕೋಣೆಯಲ್ಲ) ಎಂದರೆ ಹರಿವು, ‘ಕಟಾರ್’ ಎಂದರೆ ಕೆಳಗೆ ಹರಿದು ಬರುವುದು. ಮಿದುಳಿನಲ್ಲಿ ಹೆಚ್ಚಾದ ಕಫವೇ ಮೂಗಿನಿಂದ ಸೋರುತ್ತದೆ ಎಂಬ ಹಳೆಯ ನಂಬಿಕೆ ಇವುಗಳ ಹಿಂದಿದೆ. ಅದೇ ಹರಿವು ಕೀಲಿಗಿಳಿದರೆ ನೋವು ಎಂದುಕೊಂಡಿದ್ದರಿಂದ ‘ರುಮ್ಯಾಟಿಸಂ’ ಕೂಡ ಇದೇ ಬೇರಿನದು. 17ನೇ ಶತಮಾನದಲ್ಲಿ ಜರ್ಮನಿಯ ವೈದ್ಯ ಕೊನ್ರಾಡ್ ಷ್ನೈಡರ್, ಸಿಂಬಳ ಹುಟ್ಟುವುದು ಮೂಗಿನ ಒಳಪೊರೆಯಲ್ಲೇ ಎಂದು ತೋರಿಸಿದ. ಸಿದ್ಧಾಂತ ಬಿತ್ತು, ಪದಗಳು ಮಾತ್ರ ಉಳಿದವು. ‘ಕೊರೈಜಾ’ ಎಂಬ ಇನ್ನೊಂದು ಗ್ರೀಕ್ ಪದ ವೈದ್ಯಗ್ರಂಥಗಳಲ್ಲಿ ಇಂದಿಗೂ ಇದೆ.

‘ಕೋಲ್ಡ್’ ಆದರೂ ಅಷ್ಟೇ: ಚಳಿ ತಗುಲಿದ್ದರಿಂದ ಕಾಯಿಲೆ ಬಂತೆಂಬ ಊಹೆಯಿಂದ ಹುಟ್ಟಿದ ಹೆಸರು. ಅಸಲಿ ಕಾರಣ ವೈರಸ್. ಅವುಗಳಲ್ಲಿ ಮುಖ್ಯವಾದ ರೈನೋವೈರಸ್ ಪತ್ತೆಯಾದದ್ದು 1950ರ ದಶಕದಲ್ಲಿ. ಅದಕ್ಕೆ ಹೆಸರಿಡುವಾಗಲೂ ವಿಜ್ಞಾನಿಗಳು ಹೋದದ್ದು ಗ್ರೀಕ್ ಭಾಷೆಗೇ. ‘ರೈನೋ’ ಎಂದರೆ ಮೂಗು.