ಬೆನ್ನುನೋವು ಮೂರು ವರ್ಷದಿಂದ ಇದೆ, ಈಗ ಬಗ್ಗೋಕೇ ಭಯ

ಪ್ರಶ್ನೆ: ಡಾಕ್ಟ್ರೇ, ನಂಗೆ 42 ವರ್ಷ, ದಿನವಿಡೀ ಕೂತು ಮಾಡೋ ಕೆಲಸ. ಮೂರು ವರ್ಷದಿಂದ ಸೊಂಟದ ಹತ್ರ ನೋವು, ಒಂದಿನ ಪರವಾಗಿಲ್ಲ ಅನ್ನಿಸಿದ್ರೆ ಮಾರನೇ ದಿನ ಹಾಸಿಗೆಯಿಂದ ಏಳೋಕೇ ಆಗಲ್ಲ. ಎಂಆರ್‌ಐ ರಿಪೋರ್ಟಲ್ಲಿ ಎಲ್4-ಎಲ್5 ಡಿಸ್ಕ್ ಬಲ್ಜ್, ಡಿಜನರೇಶನ್ ಅಂತ ಬರೆದಿದ್ದಾರೆ. ಅದನ್ನ ಓದಿದ ಮೇಲೆ ಕೆಳಗೆ ಬಿದ್ದ ಪೆನ್ ಎತ್ತಿಕೊಳ್ಳೋಕೂ ಬೇರೆಯವರನ್ನ ಕರೀತೀನಿ. ಕಾಲಿಗೆ ನೋವು ಇಳಿಯಲ್ಲ, ಜೋಮು ಹಿಡಿಯಲ್ಲ. ಮನೇಲಿ ಎಲ್ರೂ ನಾಟಕ ಮಾಡ್ತಾಳೆ ಅಂತಾರೆ. ಬೆಡ್ ರೆಸ್ಟ್ ತಗೊಳ್ಳಲಾ, ಆಪರೇಷನ್ ಮಾಡಿಸ್ಕೊಳ್ಳಲಾ?

ಉತ್ತರ: ಮೊದಲು ಮನೆಯವರ ಮಾತಿಗೆ ಬರ್ತೀನಿ, ಯಾಕಂದ್ರೆ ನೋವಿಗಿಂತ ಅದೇ ನಿಮ್ಮನ್ನ ಜಾಸ್ತಿ ಕುಗ್ಗಿಸಿರೋ ಹಾಗೆ ಕಾಣುತ್ತೆ. ನಿಮ್ಮ ನೋವು ನಿಜ, ನೂರಕ್ಕೆ ನೂರು ನಿಜ. 12 ವಾರ ದಾಟಿದ ನೋವನ್ನ ದೀರ್ಘಕಾಲದ ನೋವು ಅಂತೀವಿ, ಅಷ್ಟೊತ್ತಿಗೆ ಎಷ್ಟೋ ಜನರಲ್ಲಿ ನರಗಳೇ ತುಂಬಾ ಸೂಕ್ಷ್ಮ ಆಗಿಬಿಟ್ಟಿರ್ತವೆ, ಗಾಳಿಗೆ ಬಾಗಿಲು ಅಲ್ಲಾಡಿದ್ರೂ ಕಳ್ಳ ಬಂದ ಅಂತ ಕೂಗೋ ಅಲಾರಂ ಥರ. ಅಂದ್ರೆ ನೋವು ಜಾಸ್ತಿ ಆದಾಗೆಲ್ಲ ಒಳಗೆ ಏನೋ ಹೊಸದಾಗಿ ಹಾಳಾಯ್ತು ಅಂತ ಅರ್ಥ ಅಲ್ಲ. ಈ ಪ್ಯಾರಾನ ಮನೆಯವರಿಗೂ ಓದೋಕೆ ಕೊಡಿ.

ಇನ್ನು ರಿಪೋರ್ಟು. ಎಲ್4-ಎಲ್5 ಅಂದ್ರೆ ಸೊಂಟದ ಭಾಗದ ನಾಲ್ಕನೇ, ಐದನೇ ಬೆನ್ನುಮೂಳೆ; ಡಿಸ್ಕ್ ಅಂದ್ರೆ ಅವುಗಳ ನಡುವಿನ ಮೆತ್ತೆ, ಅದು ಸ್ವಲ್ಪ ಉಬ್ಬಿದ್ರೆ ಬಲ್ಜ್, ಸವೆದಿದ್ರೆ ಡಿಜನರೇಶನ್ ಅಂತಾರೆ. ಬೆನ್ನುನೋವೇ ಇಲ್ಲದ ಸಾವಿರಾರು ಜನರ ಸ್ಕ್ಯಾನ್‌ಗಳನ್ನ ಒಟ್ಟುಹಾಕಿ ನೋಡಿದ ಒಂದು ವಿಮರ್ಶೆ 2015ರಲ್ಲಿ ಬಂತು. ಅದರ ಪ್ರಕಾರ 40ರ ವಯಸ್ಸಲ್ಲಿ ಏನೂ ನೋವಿಲ್ಲದ 100 ಜನರಲ್ಲಿ ಸುಮಾರು 68 ಜನರಿಗೆ ಡಿಜನರೇಶನ್, 50 ಜನರಿಗೆ ಬಲ್ಜ್ ಇರುತ್ತೆ. ನಿಮ್ಮ ರಿಪೋರ್ಟಲ್ಲಿರೋದೂ ಅವೇ ಎರಡು ಪದ. ಅದನ್ನ ಕೈಗೆ ಕೊಡೋರು ಈ ಮಾತನ್ನೂ ಹೇಳಿ ಕೊಡಬೇಕು ಅಂತ ನನ್ನ ಬಲವಾದ ಅಭಿಪ್ರಾಯ, ಆ ಪದಗಳನ್ನ ನೋಡಿ ಹೆದರಿ ವರ್ಷಗಟ್ಟಲೆ ಸೊಂಟ ಬಗ್ಗಿಸದೇ ಇರೋರನ್ನ ನೋಡಿದ್ರೆ ಹೊಟ್ಟೆ ಉರಿಯುತ್ತೆ.

ಬೆಡ್ ರೆಸ್ಟ್ ಬೇಡ. ಮಲಗಿದಷ್ಟೂ ಸ್ನಾಯು ಸೋಲುತ್ತೆ, ಭಯ ಬೆಳೆಯುತ್ತೆ. ಆಪರೇಷನ್ ಬಗ್ಗೆ ಯೋಚಿಸೋದು ಸಾಮಾನ್ಯವಾಗಿ ನರ ಒತ್ತಿ ಕಾಲಿಗೆ ನೋವು ಇಳಿದಾಗ ಅಥವಾ ಕಾಲಿನ ಶಕ್ತಿ ಕಮ್ಮಿ ಆದಾಗ, ನೀವು ಬರೆದಿರೋದ್ರಲ್ಲಿ ಅದು ಕಾಣ್ತಿಲ್ಲ.

ಆ ಪೆನ್ನಿಂದಲೇ ಶುರು ಮಾಡಿ. ಪೆನ್ನನ್ನ ಮೊದಲು ಕುರ್ಚಿ ಮೇಲಿಡಿ, ಮಂಡಿ ಸ್ವಲ್ಪ ಸಡಿಲ ಬಿಟ್ಟು, ಉಸಿರು ಹೊರಗೆ ಬಿಡ್ತಾ ಬಗ್ಗಿ ಎತ್ಕೊಳ್ಳಿ. ಭಯ ಇರೋರು ಉಸಿರು ಕಟ್ಟಿ ಬೆನ್ನು ಬಿಗಿಹಿಡಿದು ಬಗ್ತಾರೆ, ಆ ಬಿಗಿತಕ್ಕೇ ನೋವು ಇನ್ನೂ ಜಾಸ್ತಿ ಆಗುತ್ತೆ. ಕುರ್ಚಿ ಸುಲಭ ಆದ್ಮೇಲೆ ಅದಕ್ಕಿಂತ ತಗ್ಗಾದ ಸ್ಟೂಲು, ಆಮೇಲೆ ನೆಲ. ಸ್ವಲ್ಪ ನೋವಾದ್ರೆ ಆಗಲಿ, ಮಾರನೇ ದಿನದೊಳಗೆ ಮಾಮೂಲಿಗೆ ಬಂದ್ರೆ ಸಾಕು.

ಇದರ ಜೊತೆ ವಾಕಿಂಗೂ ಮಾಡಿ, ಅದರಲ್ಲಿ ಒಂದು ವಿಷಯ ಗಮನಿಸಿ. ನೋವು ಕಮ್ಮಿ ಇರೋ ದಿನ ಬಾಕಿ ಕೆಲಸ ಎಲ್ಲ ಮುಗಿಸಿ, ಆಮೇಲೆ ಎರಡು ದಿನ ಏಳದೇ ಮಲಗೋದು, ಇದೇ ಚಕ್ರದಲ್ಲಿ ಜನ ಸಿಕ್ಕಿಹಾಕ್ಕೊಳ್ಳೋದು. ಅದಕ್ಕೆ ನೋವನ್ನ ನೋಡಿ ನಡೀಬೇಡಿ, ಗಡಿಯಾರ ನೋಡಿ ನಡೀರಿ. 15 ನಿಮಿಷಕ್ಕೆ ನೋವು ಶುರುವಾಗುತ್ತೆ ಅಂದ್ರೆ 10 ನಿಮಿಷಕ್ಕೆ ನಿಲ್ಲಿಸಿ, ಚೆನ್ನಾಗಿರೋ ದಿನಾನೂ ಅಷ್ಟೇ. ವಾರಕ್ಕೆ ಒಂದೆರಡು ನಿಮಿಷ ಏರಿಸ್ತಾ ಹೋಗಿ. 2024ರಲ್ಲಿ ಆಸ್ಟ್ರೇಲಿಯಾದಲ್ಲಿ ನಡೆದ ಅಧ್ಯಯನದಲ್ಲಿ, ಬೆನ್ನುನೋವಿಂದ ಆಗಷ್ಟೇ ಚೇತರಿಸಿಕೊಂಡು ಹೀಗೇ ಮೆಲ್ಲಗೆ ನಡಿಗೆ ಹೆಚ್ಚಿಸಿಕೊಂಡವರಲ್ಲಿ ಅರ್ಧದಷ್ಟು ಜನರಿಗೆ ನೋವು ಮರುಕಳಿಸೋ ಹೊತ್ತಿಗೆ 208 ದಿನ ಆಗಿತ್ತು, ಮಾಡದವರಲ್ಲಿ 112 ದಿನಕ್ಕೇ. ನಿಮ್ಮದು ಬಿಡದೇ ಇರೋ ನೋವು, ಹಾಗಾಗಿ ಅದೇ ಲೆಕ್ಕ ನಿಮಗೆ ಕೂರಲ್ಲ, ಆದ್ರೂ ಚಟುವಟಿಕೆ ಬೇಕೇ ಬೇಕು. ಹತ್ರ ಒಳ್ಳೆ ಫಿಸಿಯೋಥೆರಪಿಸ್ಟ್ ಇದ್ರೆ ಅವರ ಕೈಲಿ ಎಕ್ಸರ್‌ಸೈಜ್ ಕಲೀರಿ, ಬರೀ ಮಲಗಿಸಿ ಮೆಷಿನ್ ಇಡೋರಾದ್ರೆ ಬೇರೆಯವರನ್ನ ನೋಡಿ.

ಆದ್ರೆ ತೊಡೆ ಸಂದಿ, ಗುದದ ಸುತ್ತ ಸ್ಪರ್ಶ ಗೊತ್ತಾಗದೇ ಇದ್ರೆ, ಮೂತ್ರ ಕಟ್ಟಿದ್ರೆ ಅಥವಾ ಮೂತ್ರ, ಮಲದ ಹಿಡಿತ ತಪ್ಪಿದ್ರೆ, ಕಾಲು ಸೋತು ಹೋದ್ರೆ ಅವತ್ತೇ, ಆ ಗಳಿಗೆಗೇ ಎಮರ್ಜೆನ್ಸಿಗೆ ಹೋಗಿ. ಬೆನ್ನುನೋವಿನ ಜೊತೆ ಜ್ವರ ಇದ್ರೆ, ಕಾರಣ ಇಲ್ಲದೇ ತೂಕ ಇಳಿದ್ರೆ, ಹಿಂದೆ ಕ್ಯಾನ್ಸರ್ ಆಗಿದ್ರೆ ಕೂಡಾ ಬೇಗ ತೋರಿಸಿ.

ಪ್ರಶ್ನೆ: ಬೆನ್ನುನೋವಿಗೆ ಬರೀ ನೆಲದ ಮೇಲೆ ಮಲಗಬೇಕು, ಯಾವಾಗಲೂ ಬೆಲ್ಟ್ ಕಟ್ಕೋಬೇಕು ಅಂತಾರಲ್ಲ, ಸರೀನಾ?

ಉತ್ತರ: ಎರಡೂ ಬೇಕಿಲ್ಲ. 2003ರಲ್ಲಿ ಸ್ಪೇನ್‌ನಲ್ಲಿ 313 ಜನರ ಮೇಲೆ ಹಾಸಿಗೆ ಪರೀಕ್ಷೆ ಮಾಡಿದಾಗ ತೀರಾ ಗಟ್ಟಿಗಿಂತ ಮಧ್ಯಮ ಗಟ್ಟಿ ಹಾಸಿಗೆಯವರಿಗೇ ನೋವು ಜಾಸ್ತಿ ಇಳಿದಿತ್ತು. ನೆಲ ನಿಮಗೆ ಹಿತ ಅನ್ನಿಸಿದ್ರೆ ಮಲಗಿ, ಔಷಧಿ ಅಂತ ಕಷ್ಟಪಟ್ಟು ಮಲಗಬೇಡಿ. ಬೆಲ್ಟನ್ನ ದೀರ್ಘಕಾಲದ ಬೆನ್ನುನೋವಿಗೆ ಮಾಮೂಲಾಗಿ ಕೊಡಬಾರದು ಅಂತ ವಿಶ್ವ ಆರೋಗ್ಯ ಸಂಸ್ಥೆ 2023ರ ಮಾರ್ಗಸೂಚಿಯಲ್ಲೇ ಹೇಳಿದೆ. ಈಗಾಗಲೇ ಕಟ್ತಿದ್ರೆ ದಿನಕ್ಕೆ ಅರ್ಧ ಗಂಟೆಯಂತೆ ಕಮ್ಮಿ ಮಾಡ್ತಾ ಬನ್ನಿ, ಮೊದಲು ಮನೆಯೊಳಗೆ ಓಡಾಡುವಾಗ ಬಿಚ್ಚಿಡಿ.